ಕ್ರಾಂಜಿಯ ಜೂನ್ ಪಟ್ಟಿ

ಚೀಲ ಕಾಯುವ ಕೆಲಸ ಮೈಥಿಲಿಯ ಪಾಲಿಗೆ ಬಂದದ್ದು ಕೋತಿಯಿಂದ. 2006ರ ಮಾರ್ಚಿನಲ್ಲಿ ಕ್ರಾಂಜಿ ಜಲಾಶಯದ ದಂಡೆಯಲ್ಲಿ ಒಂದು ಕೋತಿ ಇಡ್ಲಿ ಡಬ್ಬಿಯನ್ನೇ ಎತ್ತಿಕೊಂಡು ಹೋಯಿತು. ಇನ್ನು ಮೇಲೆ ಯಾರಾದರೂ ಒಬ್ಬರು ಚೀಲಗಳ ಹತ್ತಿರ ಕೂರಬೇಕು ಎಂದು ಗಂಡಸರು ತೀರ್ಮಾನಿಸಿದರು. ಆ ‘ಯಾರಾದರೂ’ ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಚೀಲಗಳನ್ನು ತಂದು ಅವಳ ಕಾಲ ಬಳಿ ಇಟ್ಟರು.

ಅವರದು ಬೆಡೋಕ್ ಸುತ್ತಮುತ್ತಲಿನ ಆರು ಮಂದಿ ಕನ್ನಡಿಗ ಗಂಡಸರ ಹಕ್ಕಿ ಗುಂಪು. ಮೈಥಿಲಿಯ ಗಂಡ, ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಕೆಲಸ ಮಾಡುವ ಅನಂತರಾಮ್, ಅದರ ಮುಂದಾಳು. ತಿಂಗಳಿಗೊಂದು ಭಾನುವಾರ ತಾವು ನೆಲೆಸಿದ್ದ ದ್ವೀಪದೇಶದ ಉತ್ತರ ತುದಿಯ ಕ್ರಾಂಜಿಗೆ ಹೋಗಿ, ನೀರಂಚಿನ ಜೌಗಿನಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಅಲಮೇಲು ಅವರಿಗೆ ಕಳಿಸುತ್ತಿದ್ದರು. ಮೈಸೂರಿನಿಂದ ಬಂದು ಮೂವತ್ತು ವರ್ಷ ಇಲ್ಲಿ ಪಾಠ ಹೇಳಿ ನಿವೃತ್ತರಾದ ಅಲಮೇಲು, ಪ್ರತಿ ಹಕ್ಕಿಯ ಮುಂದೆ ನೋಡಿದವರ ಹೆಸರು ಹಾಕಿ ಎಲ್ಲರಿಗೂ ಹಂಚುತ್ತಿದ್ದರು.

“ನೀವೇ ಲಕ್ಕಿ ಮೇಡಂ, ಆರಾಮಾಗಿ ನೆರಳಲ್ಲಿ ಕೂತಿರ್ತೀರ,” ಎನ್ನುತ್ತಿದ್ದ ಗುಂಪಿನ ಉಪೇಂದ್ರ. ಅಷ್ಟು ಹೊತ್ತಿಗೆ ಅವಳು ಐವತ್ತು ಇಡ್ಲಿ ಬೇಯಿಸಿ, ಚಟ್ನಿ ರುಬ್ಬಿ, ಎರಡು ಫ್ಲಾಸ್ಕ್ ಕಾಫಿ ತುಂಬಿ, ಎರಡು ರೈಲು, ಒಂದು ಬಸ್ಸು ಹತ್ತಿ ಇಳಿದಿರುತ್ತಿದ್ದಳು.

ಜೂನ್ ತಿಂಗಳ ಆ ಭಾನುವಾರ ಗಂಡಸರು ಟೆಲಿಸ್ಕೋಪ್ ಹೊತ್ತು ಮುಂದೆ ಹೋದರು. ಮೈಥಿಲಿ ಪೇಪರ್ ಹಾಸಿಕೊಂಡು ಅಲ್ಲಾಡದೆ ಕೂತಳು. ಇಪ್ಪತ್ತು ಅಡಿ ದೂರದಲ್ಲಿ ಜೊಂಡು ಅಲುಗಿತು. ಮಂಕು ಬಣ್ಣದ ಹಕ್ಕಿಯೊಂದು ಹೊರಬಂತು, ಹಿಂದೆ ಮೂರು ಮರಿ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಗಂಡಸರು ವಾಪಸು ಬಂದಾಗ ಹೇಳಿದಳು.

“ಬೈನಾಕ್ಯುಲರ್ ಇಲ್ದೆ ನಿಂಗೇನ್ ಕಾಣತ್ತೆ?” ಎಂದು ನಕ್ಕ ಅನಂತರಾಮ್, ಪುಸ್ತಕ ತೆರೆದು ಅವಳು ಬೆರಳಿಟ್ಟ ಚಿತ್ರ ನೋಡಿ ನಗು ನಿಲ್ಲಿಸಿದ. ಬಣ್ಣದ ಉಲ್ಲಂಕಿ! ಎರಡು ವರ್ಷದಿಂದ ಗುಂಪಿನವರೆಲ್ಲ ಹುಡುಕುತ್ತಿದ್ದ ಹಕ್ಕಿ. ಜೊಂಡಿನ ಬಳಿ ಓಡಿದ, ಅಲ್ಲೇನೂ ಇರಲಿಲ್ಲ. ಆದರೂ ಪಟ್ಟಿಯಲ್ಲಿ ಬರೆದ: ‘ತಾಯಿ ಹಕ್ಕಿ, ಮೂರು ಮರಿ. ನೋಡಿದವರು: ಅನಂತರಾಮ್.’

ಮರುವಾರ ಗುಂಪು ಮೈಥಿಲಿಯ ಮನೆಯಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದಾಗ ಅಲಮೇಲು ಫೋನ್ ಮಾಡಿದರು. ಅನಂತರಾಮ್ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

“ಮರಿ ಜೊತೆ ಇದ್ದಿದ್ದು ತಾಯಿ ಅಂತ ಬರ್ದಿದೀರಲ್ಲ. ನೀವೇ ನೋಡಿದ್ರಾ?”

“ಹೌದು ಆಂಟಿ. ಡಲ್ ಕಲರ್. ಮದರ್ರೇ.”

“ಆ ಹಕ್ಕೀಲಿ ಮಂಕಾಗಿರೋದು ಗಂಡು ಕಣಪ್ಪ. ಮರಿ ಸಾಕೋದೂ ಅದೇ. ಕಣ್ಣಿನ ಸುತ್ತ ಹೇಗಿತ್ತು? ಇನ್ನೊಂದಿತ್ತಾ ಜೊತೇಲಿ?”

ಅನಂತರಾಮ್ ಅಡುಗೆಮನೆಯ ಕಡೆ ತಿರುಗಿ ಹುಬ್ಬೆತ್ತಿದ. ಇನ್ನೊಂದು ಸುತ್ತು ಕಾಫಿ ಬೇಕಾದಾಗಲೂ ಅವನು ಎತ್ತುತ್ತಿದ್ದುದು ಅದೇ ಹುಬ್ಬು. ಹದಿನಾಲ್ಕು ವರ್ಷ ಅದಕ್ಕೆ ಉತ್ತರ ಕೊಟ್ಟಿದ್ದಳು ಮೈಥಿಲಿ. ಇವತ್ತು ಒಲೆ ಆರಿಸಿ ಅಲ್ಲೇ ನಿಂತಳು.

“ಅಮ್ಮ ಸಾ ಇಟ್ ಲಾ!” ಎಂದಳು ಶಾಲೆಯ ಇಂಗ್ಲಿಷಿನಲ್ಲಿ, ಅಮ್ಮನಿಂದ ಎಲ್ಲ ಕೇಳಿದ್ದ ಹನ್ನೊಂದರ ಮಗಳು ಗಾರ್ಗಿ. “ಅಪ್ಪ ಅಲ್ಲಿ ಇರ್ಲೇ ಇಲ್ಲ.”

“ಏಯ್, ರೂಮಿಗೆ ಹೋಗು.”

“ಅವಳನ್ನ್ಯಾಕೆ ಗದರ್ತೀರ?” ಮೈಥಿಲಿ ಹೊರಬಂದು ಫೋನ್ ಕೈಗೆ ತೆಗೆದುಕೊಂಡಳು. ಅವಳ ಬೆರಳಿಗೆ ಇನ್ನೂ ರವೆ ಅಂಟಿತ್ತು. “ನೋಡಿದ್ದು ನಾನು, ಆಂಟಿ. ಮರಿ ಜೊತೆ ಇದ್ದಿದ್ದಕ್ಕೆ ಕಣ್ಣಿನ ಸುತ್ತ ಹಳದಿ ಛಾಯೆ, ರೆಕ್ಕೆ ಮೇಲೆ ಚುಕ್ಕಿ. ಆಮೇಲೆ ದೊಡ್ಡದೊಂದು ಬಂತು. ಕತ್ತೆಲ್ಲ ಕಗ್ಗೆಂಪು, ಕಣ್ಣಿಗೆ ಬಿಳಿ ಸುತ್ತು. ಎರಡು ನಿಮಿಷ ನಿಂತು ಹೋಯ್ತು. ತಾಯಿ ಅಂತ ನಾನು ಹೇಳೇ ಇಲ್ಲ. ಅದು ಇವರು ಸೇರಿಸಿದ್ದು.”

“ಸರಿಯಾಗಿದೆ ಕಣಮ್ಮ. ಯಾರ ಹೆಸರು ಹಾಕ್ಲಿ?”

“ಅನಂತರಾಮ್ ದಂಪತಿ ಅಂತ ಹಾಕ್ಬಿಡಿ ಆಂಟಿ,” ಎಂದ ಅನಂತರಾಮ್ ಅವಸರದಿಂದ. ಉಪೇಂದ್ರ ತಟ್ಟೆ ನೋಡುತ್ತ, “ಅದೇ ಒಳ್ಳೇದು,” ಎಂದ.

“ದಂಪತಿ ನೋಡಿಲ್ಲ,” ಎಂದಳು ಮೈಥಿಲಿ. “ಐವತ್ತು ಇಡ್ಲಿ ಮಾಡುವಾಗ ದಂಪತಿ ಇರಲಿಲ್ಲ. ಚೀಲ ಕಾಯೋಕೂ ದಂಪತಿ ಕೂರಲಿಲ್ಲ. ಮೈಥಿಲಿ ಅಂತ ಬರ್ಕೊಳ್ಳಿ. ಅಷ್ಟೇ.”

ಎಲ್ಲರೂ ಹೋದ ಮೇಲೆ ಅನಂತರಾಮ್ ಕೂಗಾಡಿದ. “ಒಂದು ಹಕ್ಕಿಗೋಸ್ಕರ ಫ್ರೆಂಡ್ಸ್ ಮುಂದೆ ಮಾನ ಕಳೆದ್ಯಲ್ಲ!”

“ಒಂದೇ ಹಕ್ಕಿ ತಾನೆ? ಅದನ್ನೂ ನನ್ನ ಹೆಸರಲ್ಲಿ ಬಿಡೋಕೆ ನಿಮ್ಮಿಂದ ಆಗಲಿಲ್ಲ.”

ಆರು ಉಪ್ಪಿಟ್ಟಿನ ತಟ್ಟೆಗಳು ಮೇಜಿನ ಮೇಲೆ ಸಂಜೆಯವರೆಗೂ ಒಣಗಿದವು. ಕೊನೆಗೆ ಅವನೇ ಎತ್ತಿ ಸಿಂಕಿಗೆ ಹಾಕಿದ, ತೊಳೆಯಲಿಲ್ಲ.

ಜೂನ್ ಪಟ್ಟಿಯಲ್ಲಿ ಉಲ್ಲಂಕಿ ಅವಳ ಹೆಸರಲ್ಲೇ ಬಂತು. ಜುಲೈ ಭಾನುವಾರ ಕ್ರಾಂಜಿ ಸ್ಟೇಷನ್ನಿನಲ್ಲಿ ಉಪೇಂದ್ರ ಅವಳ ಖಾಲಿ ಕೈ ನೋಡಿದ.

“ತಿಂಡಿ ಎಲ್ಲಿ ಮೇಡಂ?”

“ಮಾಡಿಲ್ಲ.”

“ಮತ್ತೆ ನೀವು...?”

ತಿಂಡಿ ಇಲ್ಲದಿದ್ದರೆ ಕಾಯಲು ಚೀಲವೂ ಇಲ್ಲ, ಹಾಗಿದ್ದರೆ ಇವಳು ಬಂದದ್ದೇಕೆ ಎಂಬುದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ಮೈಥಿಲಿ ಗಂಡನ ಕಡೆ ತಿರುಗಿ ಕೈ ಚಾಚಿದಳು.

“ಬೈನಾಕ್ಯುಲರ್ ಕೊಡಿ.”

ಉಳಿದ ಐವರೂ ನೋಡುತ್ತಿದ್ದರು. ಅನಂತರಾಮ್ ಕತ್ತಿನ ಪಟ್ಟಿಯನ್ನು ನಿಧಾನವಾಗಿ ಬಿಚ್ಚತೊಡಗಿದ. ಅವಳು ಚಾಚಿದ ಕೈ ಹಿಂತೆಗೆಯಲಿಲ್ಲ.