ತಿಕೋಂಡಿಯಲ್ಲಿ ನಾನು ತಿರುಚಿದ ಮಾತು

ಗುಳೇದಗುಡ್ಡದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ವಿಜಯಪುರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿಂದ ಜತ್ತಕ್ಕೆ ಮಹಾರಾಷ್ಟ್ರದ ಕೆಂಪು ಬಸ್ಸು. ಗಡಿಯವರೆಗೆ ಪೂರ್ತಿ ಟಿಕೆಟ್ಟು, ಆಮೇಲೆ ಹೆಂಗಸರಿಗೆ ಅರ್ಧ ಎಂದು ಕಂಡಕ್ಟರು ಮರಾಠಿಯಲ್ಲಿ ಹೇಳಿದ. ನನ್ನ ಮುಖ ನೋಡಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. ನಾನು ಹೊರಟಿದ್ದು ಜಾಗತೀಕರಣದ ಮೇಲಿನ ಮೂರು ದಿನಗಳ ನಾಯಕತ್ವ ಶಿಬಿರಕ್ಕೆ. ಊರಿನಲ್ಲಿ ಕುಪ್ಪಸದ ಖಣ ನೇಯುವ ಹೆಂಗಸರ ಸಂಘವೊಂದನ್ನು ನಾನು ನಡೆಸುತ್ತೇನೆ. ಅದಕ್ಕಾಗಿಯೇ ಒಂದು ಸಂಸ್ಥೆ ನನ್ನನ್ನು ಆ ವರ್ಷದ ಫೆಲೋ ಎಂದು ಆರಿಸಿತ್ತು.

ಶಿಬಿರ ಜತ್ತದ ಹೊರಗಿನ ತಗಡಿನ ಸಭಾಂಗಣದಲ್ಲಿತ್ತು. ಕಚ್ಛ್, ಅಸ್ಸಾಂ, ಕೇರಳ, ಹೀಗೆ ಬೇರೆಬೇರೆ ಕಡೆಯಿಂದ ಬಂದವರಿದ್ದೆವು. ನನ್ನ ಕೋಣೆಯಲ್ಲಿ ಉಳಿದವಳು ಲಡಾಖಿನ ದೋಲ್ಮಾ. ಉಣ್ಣೆಗಾಗಿ ಮೇಕೆ ಸಾಕುವ ಮನೆತನದವಳು. ಮೊದಲ ದಿನವೆಲ್ಲ ಪರದೆಯ ಮೇಲೆ ಭೂಪಟ ತೋರಿಸುತ್ತ, ಹಳ್ಳಿಯ ಕೈಕಸುಬು ಜಗತ್ತಿನ ಪೇಟೆಗೆ ಹೇಗೆ ತಲುಪುತ್ತದೆ ಎಂದು ವಿವರಿಸಿದರು. ತಗಡು ಕಾದು ತಲೆ ಸಿಡಿಯುತ್ತಿತ್ತು. ಸಂಜೆ ಸಂಯೋಜಕ ಕುಲಕರ್ಣಿಯವರು ನನ್ನನ್ನು ಕರೆದು, ಮರುದಿನ ತಿಕೋಂಡಿ ಎಂಬ ಹಳ್ಳಿಗೆ ಹೋದಾಗ ಅಲ್ಲಿಯವರ ಕನ್ನಡದ ಮಾತನ್ನು ನೀವೇ ಹಿಂದಿಗೆ ತಿರುಗಿಸಿ ಹೇಳಬೇಕು ಎಂದರು. ನಮ್ಮ ಸಂಘಕ್ಕೆ ನೂಲಿಗೆ ಬಣ್ಣ ಹಾಕುವ ಮನೆ ಕಟ್ಟಲು ಹಣ ಸಿಗಬೇಕಾದರೆ ಅವರ ಶಿಫಾರಸು ಪತ್ರ ಬೇಕಿತ್ತು. ಅದನ್ನೂ ಅವರೇ ನೆನಪಿಸಿದರು.

ಎರಡನೆಯ ದಿನ ವ್ಯಾನಿನಲ್ಲಿ ತಿಕೋಂಡಿಗೆ ಹೋದೆವು. ದಾರಿಯುದ್ದಕ್ಕೂ ಕೊಯ್ದ ಜೋಳದ ಕೂಳೆ, ಜಾಲಿ, ಬಿಸಿಗಾಳಿ. ಇಳಿದದ್ದು ಮಲ್ಲವ್ವನ ಮನೆಯ ಮುಂದೆ. ಐವತ್ತರ ಆಸುಪಾಸಿನ ಹೆಂಗಸು. ಗಂಡ ಕಂಬಳಿ ನೇಯುತ್ತಿದ್ದನಂತೆ, ತೀರಿಕೊಂಡಿದ್ದ. ಮೈದುನ ಕುರಿ ಕಾಯುತ್ತಾನೆ. ಅಂಗಳದಲ್ಲಿ ಹೊಸ ಕಂಬಳಿಗಳನ್ನು ಸಾಲಾಗಿ ಹಾಸಿದ್ದರು. ಇವೆಲ್ಲ ಇವರ ಕೈಯವು, ಹೊರದೇಶಕ್ಕೆ ಹೋಗುತ್ತವೆ ಎಂದು ಕುಲಕರ್ಣಿ ಹೇಳಿದರು. ಎಲ್ಲರೂ ಫೋಟೋ ತೆಗೆದರು.

ದೋಲ್ಮಾ ಮಾತ್ರ ಕೂತು ಒಂದು ಕಂಬಳಿಯ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. ಇದನ್ನು ಯಾರು ನೇಯ್ದರು, ಕೇಳು ಎಂದಳು. ಕೇಳಿದೆ.

ಮಲ್ಲವ್ವ ನನ್ನನ್ನೇ ನೋಡುತ್ತ ಹೇಳಿದಳು: “ಇದನ್ನ ನಾ ನೇದಿಲ್ಲರಿ ಅಕ್ಕಾರ. ಮುಂಜಾನಿ ಇವರ ಗಾಡ್ಯಾಗ ತಂದು ಹಾಸ್ಯಾರ. ಇದು ಗಿರಣಿ ಕಂಬಳಿ. ನಮ್ಮವ್ರು ಇಂಥಾ ಗಿರಣಿಗೆ ಹೋಗೇ ಸತ್ರು.”

ಉಳಿದದ್ದನ್ನೂ ಹೇಳಿದಳು. ಒಂದೇ ಒಂದು ಸಲ ಹೊರದೇಶಕ್ಕೆಂದು ಕಂಬಳಿ ಒಯ್ದಿದ್ದರು. ಉಣ್ಣೆ ಚುಚ್ಚುತ್ತದೆ ಎಂದು ಎಲ್ಲವೂ ತಿರುಗಿ ಬಂದವು. ಊರಿನ ಸಂತೆಯಲ್ಲೂ ಗಿರಣಿಯ ಅಗ್ಗದ ಕಂಬಳಿಯೇ ಬಂದ ಮೇಲೆ ಗಂಡ ಮಗ್ಗ ಬಿಟ್ಟು, ಉತ್ತರದ ಯಾವುದೋ ಊರಿಗೆ ಅಂಥದೇ ಗಿರಣಿಯ ಕೆಲಸಕ್ಕೆ ಹೋದ. ಹಳೆ ಉಣ್ಣೆ ಬಟ್ಟೆ ಹರಿದು ನೂಲು ಮಾಡುವ ಕೋಣೆ, ಧೂಳು. ಮೂರು ವರ್ಷಕ್ಕೆ ಕೆಮ್ಮುತ್ತ ಬಂದವನು ಮತ್ತೆ ಏಳಲಿಲ್ಲ. ಅವಳು ಅಳದೆ, ಒಂದೊಂದಾಗಿ ಹೇಳಿದಳು.

ಕುಲಕರ್ಣಿ ನನ್ನ ಹಿಂದೆ ಬಂದು, ಚಿಕ್ಕದಾಗಿ ಹೇಳಿ ಮುಗಿಸಿ ಎಂದು ಮೆಲ್ಲಗೆ ಅಂದರು. ಅಷ್ಟೇ ಸಾಕಾಯಿತು. ಇದು ಇವರ ಮನೆತನದ ಕಸುಬು, ಗಂಡ ಹೋದ ಮೇಲೂ ಇವರು ಬಿಟ್ಟಿಲ್ಲ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಫೆಲೋಗಳು ಚಪ್ಪಾಳೆ ತಟ್ಟಿದರು.

ಮಲ್ಲವ್ವ ಸಂತೆಯಲ್ಲಿ ವ್ಯಾಪಾರ ಮಾಡಿದ ಹೆಂಗಸು. ಆ ಹಿಂದಿ ಅವಳಿಗೆ ತಿಳಿಯಿತು.

“ನಾ ಹಂಗ ಅಂದೆ ಏನ್ರಿ?” ಎಂದಳು, ನನಗಷ್ಟೇ ಕೇಳುವಂತೆ.

ಊಟಕ್ಕೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಇತ್ತು. ಮಲ್ಲವ್ವ ಎಲ್ಲರಿಗೂ ಎರಡೆರಡು ಸಲ ಕೇಳಿ ಬಡಿಸಿದಳು. ನನ್ನ ತಟ್ಟೆಗೂ ಹಾಕಿದಳು, ಏನೂ ಕೇಳಲಿಲ್ಲ.

ವಾಪಸಾಗುವಾಗ ದೋಲ್ಮಾ ನಿಜವಾಗಿ ಆಕೆ ಏನು ಹೇಳಿದಳೆಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ನನ್ನ ಮೇಲೆ ರೇಗಿದ್ದರೆ ಹಗುರಾಗುತ್ತಿತ್ತು; ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಮೂರನೆಯ ದಿನ ಸಮಾರೋಪದಲ್ಲಿ ಪ್ರತಿಯೊಬ್ಬರೂ ಕಲಿತದ್ದನ್ನು ಹೇಳಬೇಕಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತೆ. ನಿನ್ನೆ ನಾನು ಹೇಳಿದ್ದು ಸುಳ್ಳು ಎಂದೆ. ಕಂಬಳಿ ಯಾರವು, ಆ ಮನುಷ್ಯ ಹೇಗೆ ಸತ್ತ, ಎಲ್ಲ ಹೇಳಿದೆ. ಕುಲಕರ್ಣಿ ಗಡಿಯಾರ ನೋಡಿ, ಸಮಯ ಮೀರಿದೆ, ಚಹಾ ಕುಡಿದು ಬರೋಣ ಎಂದರು. ಕುರ್ಚಿಗಳು ಸರಿದವು. ಪತ್ರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಧ್ಯಾಹ್ನ ವಿಜಯಪುರದ ಬಸ್ಸು ಬಿಟ್ಟು ತಿಕೋಂಡಿಯ ಬಸ್ಸು ಹತ್ತಿದೆ. ಮನೆಯ ಹಿಂದೆ ಮೈದುನ ಕುರಿಯ ಕಾಲು ಕಟ್ಟಿ ಉಣ್ಣೆ ಕತ್ತರಿಸುತ್ತಿದ್ದ. ಕೊಳ್ಳುವವರಿಲ್ಲದ ಆ ಉಣ್ಣೆಯನ್ನು ಮಲ್ಲವ್ವ ಬುಟ್ಟಿಗೆ ತುಂಬಿ ಹಳ್ಳಕ್ಕೆ ಸುರಿಯುತ್ತಿದ್ದಳು.

“ಮಲ್ಲವ್ವಾರ, ನಿನ್ನೆ ತಪ್ಪು ಮಾಡೀನ್ರಿ. ಇವತ್ತು ಎಲ್ಲಾರ ಮುಂದ ಖರೇ ಹೇಳಿ ಬಂದೀನಿ,” ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. “ಕೇಳಿದವ್ರು ಏನಂದ್ರರಿ?”

“ಚಹಾಕ್ಕ ಎದ್ರು.”

ಹೌದೆನ್ನುವಂತೆ ತಲೆಯಾಡಿಸಿದಳು. ಲಗೂನ ಹೋಗ್ರಿ, ಆಮ್ಯಾಲ ಬಸ್ಸಿಲ್ಲ ಎಂದು ಹೇಳಿ ಬುಟ್ಟಿ ಎತ್ತಿಕೊಂಡಳು. ನಾನು ರಸ್ತೆಗೆ ಬಂದು ತಿರುಗಿ ನೋಡಿದಾಗ ಅವಳು ಹಳ್ಳದ ದಂಡೆಯಲ್ಲಿ ನಿಂತು, ಬುಟ್ಟಿಗೆ ಅಂಟಿದ್ದ ಕೊನೆಯ ಎಳೆಗಳನ್ನು ಕೈಯಿಂದ ಕಿತ್ತು ಗಾಳಿಗೆ ಬಿಡುತ್ತಿದ್ದಳು.