ಬಾರದ ನೋವು

ನಿಡಘಟ್ಟದ ಹೆಣ್ಣುಮಕ್ಕಳು ಮದುವೆ ಸೀರೆಯನ್ನು ಬೆಂಗಳೂರಲ್ಲಿ ತೆಗೆದರೂ ಬ್ಲೌಸಿಗೆ ಮಾತ್ರ ಮದ್ದೂರಿಗೇ ಬರುತ್ತಿದ್ದರು. ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಜಾಕಿಯಾಳ ಮನೆ. ಜರಿ, ಮಣಿ ಕೂರಿಸಿ ಅವಳು ಹಾಕುತ್ತಿದ್ದ ಆರಿ ವರ್ಕಿಗೆ ಸುತ್ತಮುತ್ತ ಅಷ್ಟು ಹೆಸರಿತ್ತು. ಚೌಕಟ್ಟಿಗೆ ಬಟ್ಟೆ ಬಿಗಿದು ಸೂಜಿ ಹಿಡಿದಳೆಂದರೆ ಊಟದ ನೆನಪೂ ಇರುತ್ತಿರಲಿಲ್ಲ.

ಅವಳ ತಾಯಿ ರಹಮತ್ ಬೀಗೆ ಕೀಲುವಾತ. ಎರಡೂ ಕೈಯ ಬೆರಳುಗಳು ಗಾಳಿಗೆ ಒರಗಿದ ಪೈರಿನ ಹಾಗೆ ಒಂದೇ ಕಡೆಗೆ ವಾಲಿಬಿಟ್ಟಿದ್ದವು. ಶುರುವಿನಲ್ಲಿ ಎಣ್ಣೆ ತಿಕ್ಕಿಸಿದರು, ಯಾರ್ಯಾರೋ ಹೇಳಿದ ಪುಡಿ ನುಂಗಿಸಿದರು. ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಕೀಲು ಸವೆದಾಗಿತ್ತು. ತಲೆ ಬಾಚುವುದು, ತುತ್ತು ಕಲಸಿ ಬಾಯಿಗಿಡುವುದು, ಎಲ್ಲ ಜಾಕಿಯಾಳ ಕೈಯಲ್ಲೇ ಆಗಬೇಕಿತ್ತು.

ತಾಯಿಯನ್ನು ನೋಡುತ್ತಿದ್ದ ಡಾಕ್ಟರಮ್ಮ ಒಂದು ದಿನ ಜಾಕಿಯಾಳನ್ನೂ ಕೂರಿಸಿಕೊಂಡರು. ಈ ಕಾಯಿಲೆ ಇರುವವರ ಮಕ್ಕಳಲ್ಲಿ ಕೆಲವರಿಗೆ ನೋವು ಕಾಣಿಸುವ ಎಷ್ಟೋ ಮುಂಚೆಯೇ ಕೀಲಿನೊಳಗೆ ಬದಲಾವಣೆ ಶುರುವಾಗಿರುತ್ತದೆ, ಅದನ್ನು ತಿಳಿಯುವ ಪ್ರಯತ್ನ ನಡೆಯುತ್ತಿದೆ, ಇಷ್ಟವಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಅವಳ ಪಕ್ಕ ಬೆಂಚಿನಲ್ಲಿ ಕೊತ್ತತ್ತಿಯ ಸುನಿತಾ ಕೂತಿದ್ದಳು. ಅವಳ ತಾಯಿ ಪಟ್ಟಲಮ್ಮನಿಗೂ ಅದೇ ಕಾಯಿಲೆ. ಸುನಿತಾ ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರದ ಭತ್ತದ ತಾಕುಗಳಲ್ಲಿ ಕೂಲಿ ಮಾಡುತ್ತಿದ್ದವಳು.

"ಮಾಡುಸ್ಕಂಡ್ರೆ ಏನ್ ಗಂಟು ಓಯ್ತದೆ, ಬಾರಮ್ಮಿ" ಎಂದು ಅವಳೇ ಜಾಕಿಯಾಳ ಕೈ ಹಿಡಿದು ಎಬ್ಬಿಸಿದಳು.

ರಕ್ತ ತೆಗೆದರು. ಇಬ್ಬರ ರಕ್ತದಲ್ಲೂ ಒಂದು ಗುರುತು ಸಿಕ್ಕಿತು. ದೇಹ ತನ್ನ ಮೇಲೆ ತಾನೇ ತಿರುಗಿಬೀಳಲು ಹೊರಟಿರಬಹುದು ಎಂಬುದರ ಗುರುತು. ಆಮೇಲೆ ಮಂಡಿಗೆ ಮರಗಟ್ಟುವ ಮದ್ದು ಕೊಟ್ಟು, ಸಣ್ಣ ಸೂಜಿ ಇಳಿಸಿ, ಕೀಲಿನ ಒಳಪೊರೆಯ ಚೂರು ತೆಗೆದು ನೋಡಿದರು. ಕೆಲವು ವಾರ ಬಿಟ್ಟು ಡಾಕ್ಟರಮ್ಮ ಜಾಕಿಯಾಳಿಗೆ ವಿವರಿಸಿದರು.

"ಹೊರಗೆ ಊತವಿಲ್ಲ, ನೋವಿಲ್ಲ. ಒಳಪೊರೆಯಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಕಾಣ್ತಿದೆ. ಇದು ಕಾಯಿಲೆ ಅಲ್ಲಮ್ಮ. ಮುಂದೆ ಕೆಲವರಿಗೆ ಬರುತ್ತೆ, ಎಷ್ಟೋ ಜನಕ್ಕೆ ಬರೋದೇ ಇಲ್ಲ. ಆಗಾಗ ಬಂದು ತೋರಿಸ್ಕೊಳ್ಳಿ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿ ಅನ್ನಿಸಿದರೆ ತಡ ಮಾಡಬೇಡಿ."

ಜಾಕಿಯಾಳ ಕಿವಿಗೆ ಬಿದ್ದದ್ದು "ಬರುತ್ತೆ" ಎಂಬ ಒಂದೇ ಮಾತು. ರೈಲಿನಲ್ಲಿ ಮದ್ದೂರಿಗೆ ಬರುವಾಗ ತಾಯಿಯ ಕೈ ತನ್ನ ತೊಡೆಯ ಮೇಲಿತ್ತು. ಅದರ ಪಕ್ಕ ತನ್ನ ಕೈ ಇಟ್ಟು ನೋಡಿದಳು. "ಡಾಕ್ಟರು ಏನಂದ್ರು?" ಎಂದು ರಹಮತ್ ಬೀ ಕೇಳಿದಾಗ, "ಏನೂ ಇಲ್ಲವಂತೆ ಅಮ್ಮಾ" ಎಂದುಬಿಟ್ಟಳು.

ಅಂದಿನಿಂದ ಎಚ್ಚರವಾದೊಡನೆ ಹಾಸಿಗೆಯಲ್ಲೇ ಮುಷ್ಟಿ ಕಟ್ಟಿ ಬಿಡಿಸಿ ನೋಡುವುದು ಅಭ್ಯಾಸವಾಯಿತು. ಸಣ್ಣ ಕೆಲಸ ಮಾಡಿದರೆ ಬೆರಳು ಬೇಗ ಹಾಳಾಗಬಹುದೆಂದು ತನಗೆ ತಾನೇ ತೀರ್ಮಾನಿಸಿ, ಕಣ್ಣು ಸರಿಯಿಲ್ಲವೆಂಬ ನೆಪ ಹೇಳಿ ಆರಿ ವರ್ಕ್ ನಿಲ್ಲಿಸಿದಳು. ಸೀರೆಗೆ ಫಾಲ್ಸ್ ಹಚ್ಚುವುದು, ಲಂಗದ ಅಂಚು ಹೊಲಿಯುವುದು, ಇಷ್ಟರಲ್ಲೇ ಮನೆ ನಡೆಸಿದಳು.

ಆ ವರ್ಷವೇ ಅದ್ನಾನನ ಮನೆಯಿಂದ ಸಂಬಂಧ ಕೇಳಿಕೊಂಡು ಬಂದರು. ಅದ್ನಾನ್ ಮಳವಳ್ಳಿಯಲ್ಲಿ ಬೈಕ್ ಗ್ಯಾರೇಜು ಇಟ್ಟಿದ್ದವನು. ಹಿಂದೊಮ್ಮೆ ತಂಗಿಯ ಮದುವೆ ಬಟ್ಟೆ ಒಯ್ಯಲು ಬಂದಾಗ, ಜಾಕಿಯಾಳ ಮಿಷನ್ನು ಕಿರುಗುಟ್ಟುತ್ತಿದ್ದುದು ಕೇಳಿ, ಯಾರೂ ಹೇಳದೆಯೇ ನೆಲದ ಮೇಲೆ ಕೂತು ಚಕ್ರ ಬಿಚ್ಚಿ ಎಣ್ಣೆ ಹಾಕಿ ಸರಿಮಾಡಿದ್ದ. ಹೋಗುವಾಗ, "ಇನ್ನು ಕಿರುಚಲ್ಲ. ಕಿರುಚಿದ್ರೆ ಹೇಳಿಕಳಿಸಿ" ಎಂದು ನಕ್ಕಿದ್ದ. ಮಿಷನ್ನು ಮತ್ತೆ ಯಾವಾಗ ಕಿರುಚೀತೋ ಎಂದು ಜಾಕಿಯಾ ಎಷ್ಟೋ ದಿನ ಕಾದದ್ದೂ ಉಂಟು.

ಈಗ ಅವನೇ ಕೇಳಿಕೊಂಡು ಬಂದರೆ, ಬೇಡವೆಂದಳು.

ಅವನು ಒಮ್ಮೆ ಫೋನು ಮಾಡಿದ. "ನನ್ನಲ್ಲಿ ಏನಾದ್ರೂ ಕೊರತೆ ಕಂಡಿದ್ರೆ ಹೇಳಿಬಿಡಿ, ಬೇಜಾರಿಲ್ಲ."

"ನಿಮ್ಮಲ್ಲೇನೂ ಇಲ್ಲ. ನನಗೆ ಮದುವೆಯೇ ಬೇಡ."

"ಕಾರಣ?"

ಕೆಲವೇ ವರ್ಷದಲ್ಲಿ ನನಗೆ ನೀವು ತುತ್ತಿಡಬೇಕಾಗುತ್ತೆ ಎಂಬ ಮಾತು ಗಂಟಲವರೆಗೂ ಬಂತು. ಹೇಳಿದ್ದರೆ ಅವನು ಏನೆನ್ನುತ್ತಿದ್ದನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಫೋನು ಇಟ್ಟಳು. ಮುಂದಿನ ರಂಜಾನ್ ಕಳೆಯುವಷ್ಟರಲ್ಲಿ ಅವನಿಗೆ ಬೇರೆ ಕಡೆ ಮದುವೆಯಾಯಿತು.

ಸಂಬಂಧ ಬೇಡವೆಂದಾಗಲೇ ರಹಮತ್ ಬೀ ಬೇರೆ ಅರ್ಥ ಮಾಡಿಕೊಂಡಿದ್ದಳು.

"ನನ್ನ ನೋಡ್ಕೊಳ್ಳೋರು ಯಾರು ಅಂತ ತಾನೇ ನೀನು ಬೇಡ ಅಂದದ್ದು?" ಎಂದಳು. "ಈ ಹಾಳು ಕೈ ನಿನ್ನ ಬಾಳನ್ನೂ ತಿಂತಲ್ಲ ಬೇಟಿ."

ಹಾಗಲ್ಲ ಅನ್ನಬೇಕಿತ್ತು. ಅಂದರೆ ನಿಜ ಹೇಳಬೇಕು. ನಿನ್ನ ಕಾಯಿಲೆ ನನ್ನ ಮಂಡಿಯಲ್ಲೂ ಕೂತಿದೆ ಎಂದು ತಾಯಿಗೆ ಹೇಳುವುದು ಹೇಗೆ? ಜಾಕಿಯಾ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ರಹಮತ್ ಬೀ ತುತ್ತು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಎರಡು ಅಂಗೈಗಳ ನಡುವೆ ಚಮಚ ಅದುಮಿ ಹಿಡಿದು, ತಲೆಯನ್ನೇ ತಟ್ಟೆಯವರೆಗೆ ತಗ್ಗಿಸಿ ತಿನ್ನತೊಡಗಿದಳು. ಅರ್ಧ ಅನ್ನ ಮಡಿಲಿಗೆ ಬೀಳುತ್ತಿತ್ತು. "ನೋಡು, ನನಗೆ ಬರುತ್ತೆ. ನೀನಿಲ್ಲದಿದ್ರೂ ನಾನಿರಬಲ್ಲೆ. ಅದ್ನಾನನ ಮನೆಯವರಿಗೆ ಹೇಳಿಕಳಿಸು" ಎನ್ನುತ್ತಿದ್ದಳು. ಅದ್ನಾನನಿಗೆ ಮದುವೆಯಾದ ಮೇಲೂ ಆ ಚಮಚ ಬಿಡಲಿಲ್ಲ. ಬೇರೆ ಯಾರಾದರೂ ಬಂದಾರೆಂಬ ಆಸೆ. ಬಿದ್ದ ಅಗುಳನ್ನು ಮಗಳು ಗುಡಿಸುತ್ತಿದ್ದಳು.

ಮೊದಲೆರಡು ವರ್ಷ ಜಾಕಿಯಾ ತಪಾಸಣೆಗೆ ಹೋದಳು. ಆಮೇಲೆ, ಇವತ್ತು "ಬಂದಿದೆ" ಅಂದುಬಿಟ್ಟರೆ ಎಂಬ ಹೆದರಿಕೆಗೆ ಅದನ್ನೂ ಬಿಟ್ಟಳು. ಸುನಿತಾ ಬಿಡಲಿಲ್ಲ. ಗಂಡ, ಎರಡು ಮಕ್ಕಳು, ಫಾರಂ ಕೆಲಸ, ಇವುಗಳ ನಡುವೆಯೇ ಹೋಗಿಬರುತ್ತಿದ್ದಳು. ಒಂದು ದಿನ ಮದ್ದೂರಿನ ನೆಂಟರ ಮನೆಗೆ ಬಂದವಳು ಜಾಕಿಯಾಳ ಬಾಗಿಲಲ್ಲಿ ನಿಂತಳು.

"ನಂಗೆ ಬಂತು ಕಣಮ್ಮಿ."

ಜಾಕಿಯಾ ಬೆಚ್ಚಿದಳು. "ಏನು?"

"ಅದೇ, ಕೀಲುವಾತ. ಬೆಳಿಗ್ಗೆ ಎದ್ರೆ ಕೈ ಬಿಗಿಯೋದು. ಡಾಕ್ಟ್ರಮ್ಮ ಏಳಿದ್ರಲ್ಲ, ಅದ್ಕೇ ತಡ ಮಾಡ್ದೆ ಆಸ್ಪತ್ರೆಗೆ ಓದೆ. ಈಗ ಮಾತ್ರೆ ತಕತ್ತಿದೀನಿ, ಊತ ಇಳಿದದೆ. ನಾಟಿ ಕೆಲ್ಸ ಬುಟ್ಟು ಬೀಜ ಆರ್ಸೋ ಕೆಲ್ಸ ಕೊಟ್ಟವ್ರೆ. ಅಷ್ಟೆಯಾ."

"ಭಯ ಆಗಲಿಲ್ವಾ?"

"ಆಗ್ದೆ ಏನು? ಅಂಗಂತ ಮಕ್ಕಳ್ನ ಉಪಾಸ ಕೆಡವಕ್ಕಾಯ್ತದಾ?" ಎಂದು ಸುನಿತಾ ಚಾಪೆ ಎಳೆದುಕೊಂಡು ಕೂತಳು.

ಹೋದ ಮಳೆಗಾಲದಲ್ಲಿ ರಹಮತ್ ಬೀ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಮಗಳ ಕೈಯನ್ನು ತನ್ನ ಡೊಂಕು ಬೆರಳುಗಳಿಂದ ಸವರುತ್ತಾ, "ಮಾಫ್ ಮಾಡು ಬೇಟಿ" ಎಂದಳು. ಜಾಕಿಯಾ ಆಗಲೂ ನಿಜ ಹೇಳಲಿಲ್ಲ. ಸಾಯುವವಳಿಗೆ ಮತ್ತೊಂದು ಸಂಕಟ ಯಾಕೆ ಎಂದುಕೊಂಡಳು. "ಮಾಫ್ ಮಾಡಿದೆ ಅಮ್ಮಾ" ಎಂದಳು, ತಾಯಿ ಮಾಡಿರದ ತಪ್ಪಿಗೆ.

ದುಃಖದ ದಿನಗಳು ಕಳೆದ ಮೇಲೆ ಸುನಿತಾ ಅವಳನ್ನು ಬಲವಂತವಾಗಿ ಮಂಡ್ಯಕ್ಕೆ ಹೊರಡಿಸಿದಳು. ಡಾಕ್ಟರಮ್ಮನ ತಲೆ ನರೆತಿತ್ತು. ರಕ್ತ ನೋಡಿದರು, ಕೀಲುಗಳಿಗೆಲ್ಲ ಸ್ಕ್ಯಾನು ಮಾಡಿಸಿದರು, ಬೆರಳುಗಳನ್ನು ಒಂದೊಂದಾಗಿ ಒತ್ತಿದರು.

"ಎಲ್ಲೂ ಊತ ಇಲ್ಲಮ್ಮ. ರಕ್ತದಲ್ಲಿದ್ದ ಗುರುತೂ ಕಡಿಮೆಯಾಗಿದೆ. ಮುಂದೆ ಬರೋದೇ ಇಲ್ಲ ಅಂತ ಹೇಳಲಾರೆ. ಆದರೆ ಇಷ್ಟು ವರ್ಷ ನಿಮಗೆ ಕಾಯಿಲೆ ಇರಲಿಲ್ಲ."

"ಇಷ್ಟು ವರ್ಷ..." ಎಂದಳು ಜಾಕಿಯಾ. ಆರಿ ವರ್ಕ್ ಬಿಟ್ಟದ್ದನ್ನೂ ಮದುವೆ ಬೇಡವೆಂದದ್ದನ್ನೂ ಹೇಳಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಲ್ಲರಿಗೂ ಬರಲ್ಲ ಅಂತ ನಾನು ಹೇಳಿದ್ದೆ. ಆದರೆ ನಿಮಗೆ ಏನು ಅರ್ಥ ಆಯ್ತು ಅಂತ ಕೇಳಿ ನೋಡಲಿಲ್ಲ. ಕೇಳಬೇಕಿತ್ತು."

ಆಸ್ಪತ್ರೆಯ ಹೊರಗೆ ಕಬ್ಬಿನ ಹಾಲಿನ ಅಂಗಡಿ ಮುಂದೆ ಇಬ್ಬರೂ ನಿಂತರು. ಜಾಕಿಯಾ ಲೋಟ ಹಿಡಿದುಕೊಂಡೇ ಇದ್ದಳು.

"ಮದುವೆ ಹೋಗಲಿ ಸುನಿತಾ. ಅಮ್ಮನ ಹತ್ರ ನಿಜ ಹೇಳಲಿಲ್ಲವಲ್ಲ. ತನ್ನಿಂದಲೇ ನಾನು ಹೀಗಾದೆ ಅಂತ ಅಂದ್ಕೊಂಡೇ ಹೋದಳು."

"ಗೊತ್ತಾಗಿದ್ರೆ ಇನ್ನೂ ಕೊರಗೋರು ಬುಡು."

"ಕೊರಗಿದ್ರೆ ಕೊರಗ್ತಿದ್ದಳು. ಇಬ್ಬರೂ ಒಟ್ಟಿಗೆ ಕೊರಗಬಹುದಿತ್ತು."

ಸುನಿತಾ ಗೆಳತಿಯ ಕೈಯಿಂದ ಲೋಟ ತೆಗೆದುಕೊಂಡು ಅಂಗಡಿಯವನಿಗೆ ಕೊಟ್ಟು, ಅವಳನ್ನು ಮದ್ದೂರಿನ ಬಸ್ಸಿನವರೆಗೂ ನಡೆಸಿಕೊಂಡು ಹೋದಳು.

ಜಾಕಿಯಾ ಈಗ ಮತ್ತೆ ಆರಿ ಸೂಜಿ ಹಿಡಿದಿದ್ದಾಳೆ. ಕೈ ಹಿಂದಿನಷ್ಟು ಓಡುವುದಿಲ್ಲ, ಹಳೆಯ ಗಿರಾಕಿಗಳು ಬೇರೆ ಅಂಗಡಿ ಹಿಡಿದಿದ್ದಾರೆ. ತಪಾಸಣೆಗೆ ತಪ್ಪದೆ ಹೋಗುತ್ತಾಳೆ. ಬೆಂಚಿನಲ್ಲಿ ತಾಯಿಯ ಜೊತೆ ಬಂದ ಹುಡುಗಿಯರು ಯಾರಾದರೂ ಕಂಡರೆ, ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಒಳಗೆ ಏನಂದ್ರು? ಪೂರ್ತಿ ಹೇಳು" ಎಂದು ಕೇಳುತ್ತಾಳೆ.