ಭಾವನ ಮನೆಗೆ ತಪಾಸಣೆ ಬೇಡವೆಂದೆ

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಪದ್ಮಶ್ರೀ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ನಾಯಿ ಪದ್ಮ’ ಎಂದರೆ ಆಟೋದವರು ನಕ್ಕು, ಸೀದಾ ಅವಳ ಮನೆ ಬಾಗಿಲಿಗೇ ತಂದು ಇಳಿಸುತ್ತಾರೆ. ಹಗಲೆಲ್ಲ ರೇಷ್ಮೆ ದಾರಕ್ಕೆ ಹುರಿ ಹಾಕುವ ಯೂನಿಟ್ಟಿನಲ್ಲಿ ನಿಂತು ಕಡಿದ ಎಳೆಗಳಿಗೆ ಗಂಟು ಹಾಕುವುದು, ಸಂಜೆಯಾದರೆ ಏಟು ಬಿದ್ದ ನಾಯಿಗಳಿಗೆ ಔಷಧಿ ಹಚ್ಚುವುದು, ಇಷ್ಟೇ ಅವಳ ಬದುಕು. ವಯಸ್ಸು ಮೂವತ್ತಾರು. ಗಂಡ ಶ್ರೀಧರ್ ಬಸ್ ಮೆಕ್ಯಾನಿಕ್. ಪುಣ್ಯಾತ್ಮ, ಮನೆಯಲ್ಲಿ ಒಂಬತ್ತು ನಾಯಿ ಇದ್ದರೂ ಗೊಣಗಿಕೊಂಡೇ ಹತ್ತನೆಯದಕ್ಕೆ ಗೋಣಿಚೀಲ ಹಾಸುತ್ತಾನೆ. ಅವಳನ್ನು ನೋಡಿ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಈಗ ಅವಳ ಕಥೆ ಹೇಳಲು ಕೂತರೆ ನನ್ನ ಮಾನಗೇಡಿ ಕೆಲಸವನ್ನೂ ಹೇಳಲೇಬೇಕು.

ನಾನು ಮುನೀಂದ್ರ. ಲಗೇಜ್ ಗಾಡಿಯಲ್ಲಿ ರೇಷ್ಮೆಗೂಡು, ತರಕಾರಿ ಸಾಗಿಸುತ್ತೇನೆ. ನಾಲ್ಕು ವರ್ಷದ ಕೆಳಗೆ, ಸೊಂಟ ಮುರಿದ ನಾಯಿಯೊಂದನ್ನು ಆಸ್ಪತ್ರೆಗೆ ಒಯ್ಯಲು ಅವಳು ರಸ್ತೆಗೆ ಅಡ್ಡ ನಿಂತು ನನ್ನ ಗಾಡಿ ನಿಲ್ಲಿಸಿದಳು. ಗಲೀಜಾಗುತ್ತದೆ ಎಂದು ಸಿಡುಕಿದೆ. ಗೂಡಿನ ವಾಸನೆಗಿಂತ ನಾಯಿ ವಾಸನೆ ದೊಡ್ಡದೇನಲ್ಲ ಅಂದಳು. ಅವತ್ತು ಸಿಕ್ಕಿಹಾಕಿಕೊಂಡವನು ಇವತ್ತಿಗೂ ಬಿಡಿಸಿಕೊಂಡಿಲ್ಲ.

ಜನ ತಿಳಿದಂತೆ ಇದು ಮರಿಗಳಿಗೆ ಹಾಲು ಕುಡಿಸಿ ಫೋಟೊ ತೆಗೆಸಿಕೊಳ್ಳುವ ಕೆಲಸವಲ್ಲ. ಎಲ್ಲಿಂದಲೋ ಫೋನ್ ಬರುತ್ತದೆ, ಹೋಗಿ ತರುತ್ತೇವೆ. ಗಾಯಕ್ಕೆ ಹುಳ ಬಿದ್ದಿದ್ದರೆ ಒಂದೊಂದಾಗಿ ತೆಗೆಯುತ್ತಾಳೆ. ಚುಚ್ಚುಮದ್ದು ಹಾಕಿಸುತ್ತಾಳೆ, ವಯಸ್ಸಿಗೆ ಬಂದವಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುತ್ತಾಳೆ. ಆಮೇಲೆ ವಾಟ್ಸಾಪ್ ಗುಂಪುಗಳಿಗೆ ಫೋಟೊ ಬಿಡುತ್ತಾಳೆ. ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಾಳೆ ಅಂದುಕೊಳ್ಳಬೇಡಿ. ಹೆಣ್ಣು ಕೊಡುವವರು ಗಂಡಿನ ಮನೆ ನೋಡುವ ಹಾಗೆ ಮೊದಲು ಮನೆ ನೋಡಬೇಕು. ನಾಯಿ ಎಲ್ಲಿ ಮಲಗುತ್ತದೆ, ನೀವು ಮದುವೆ ಮುಂಜಿಗೆ ಹೋದರೆ ಅದಕ್ಕೆ ಅನ್ನ ಹಾಕುವವರು ಯಾರು, ಎಲ್ಲ ವಿಚಾರಿಸಬೇಕು. ಫಾರಂಗೆ ಸಹಿ, ಆಧಾರ್ ಪ್ರತಿ, ತಿಂಗಳಿಗೊಂದು ಫೋಟೊ. ಸರಿಯಾಗಿ ಸಾಕದಿದ್ದರೆ ವಾಪಸ್. ದೇವನಹಳ್ಳಿಯ ಒಂದು ದೊಡ್ಡ ಬಂಗಲೆಯ ಹಿತ್ತಿಲಲ್ಲಿ ಖಾಲಿ ಸರಪಳಿ ಬಿದ್ದಿತ್ತು. ಇದಕ್ಕೆ ಕಟ್ಟಿದ್ದ ನಾಯಿ ಏನಾಯಿತು ಎಂದು ಕೇಳಿದಳು. ಯಜಮಾನರು ತಡವರಿಸಿದರು. ಕಾಫಿ ಕುಡಿದು, ಲೋಟ ಇಟ್ಟು, ಕೈಮುಗಿದು ಎದ್ದು ಬಂದಳು. ಮರಿ ನನ್ನ ಗಾಡಿಯಲ್ಲೇ ವಾಪಸ್ ಬಂತು.

ಬೆಲ್ಲಿ ಸಿಕ್ಕಿದ್ದು ನಂದಗುಡಿ ರಸ್ತೆಯ ಮೋರಿಯಲ್ಲಿ. ಬೆಲ್ಲದ ಬಣ್ಣದ ಹೆಣ್ಣುಮರಿ. ಹೆಣ್ಣೆಂದರೆ ನಾಯಿಯಲ್ಲೂ ಯಾರಿಗೂ ಬೇಡ. ಮೂರು ತಿಂಗಳ ಮರಿಯಾದರೂ ಕೇಳುವವರಿರಲಿಲ್ಲ. ಆ ಸಮಯಕ್ಕೆ ನನ್ನ ಅಕ್ಕನ ಗಂಡ ಆಂಜಿನಪ್ಪ, ಇಲ್ಲೇ ಹತ್ತಿರದ ಚನ್ನರಾಯಪಟ್ಟಣದ ಕಡೆ ದ್ರಾಕ್ಷಿ ತೋಟ ಇಟ್ಟುಕೊಂಡವರು, ತೋಟಕ್ಕೊಂದು ನಾಯಿ ಬೇಕಿತ್ತು ಅಂದರು. ನಾನು ಹಿಗ್ಗಿಹೋದೆ. ಭಾನುವಾರ ಹೋಗಿ ಮನೆ ನೋಡಿ ಬರೋಣ ಅಂದಳು ಪದ್ಮಶ್ರೀ, ಎಂದಿನ ಹಾಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಊರಿನ ನಾಲ್ಕು ಜನಕ್ಕೆ ನ್ಯಾಯ ಹೇಳುವ ಮನುಷ್ಯ, ನಾವು ಹೆಣ್ಣು ಕೊಟ್ಟ ಮನೆ. ಅಂಥ ಮನೆಗೆ ನಾನೇ ಫಾರಂ ಹಿಡಿಸಿಕೊಂಡು ಹೋಗಿ, ಆಧಾರ್ ಕೊಡಿ ಭಾವ ಅನ್ನುವುದೇ? ಅಕ್ಕನಿಗೆ ಮುಖ ತೋರಿಸುವುದು ಹೇಗೆ?

“ಭಾವನ ಮನೇಗೆ ತಪಾಸಣೆ ಮಾಡೋದಾ? ನನ್ನ ಮಾನ ಕಳೀಬೇಡ ಕಣಮ್ಮಾ. ನಾನಿದೀನಿ ಗ್ಯಾರಂಟಿ. ಫೋಟೊನೂ ನಾನೇ ಕಳಿಸ್ತೀನಿ,” ಎಂದೆ.

ಕರೆದಾಗಲೆಲ್ಲ ಗಾಡಿ ತಂದವನ ಮಾತು ತೆಗೆದುಹಾಕಲು ಅವಳಿಗೂ ದಾಕ್ಷಿಣ್ಯ. ಒಪ್ಪಿದಳು. ಬೆಲ್ಲಿಯ ಕೊರಳಿಗೆ ಕೆಂಪು ಪಟ್ಟಿ ಕಟ್ಟಿ, ಬೆಳೆದ ಹಾಗೆಲ್ಲ ಇದನ್ನು ಸಡಿಲ ಮಾಡಬೇಕೆಂದು ಅವರಿಗೆ ಹೇಳಿ ಎಂದು ಎರಡು ಸಲ ಹೇಳಿದಳು. ನಾನು ಭಾವನಿಗೆ ಒಂದು ಸಲವೂ ಹೇಳಲಿಲ್ಲ. ದೊಡ್ಡವರಿಗೆ ನಾನು ಬುದ್ಧಿ ಹೇಳುವುದೇನು ಅಂದುಕೊಂಡೆ.

ಆಮೇಲೆ ಐದು ತಿಂಗಳಲ್ಲಿ ನಾಲ್ಕು ಸಲ ಅಲ್ಲಿಗೆ ಹೋದೆ. ಪಂಪ್‌ಸೆಟ್ ಮನೆಯ ಪಕ್ಕ ಗಿಡ್ಡ ಸರಪಳಿಯಲ್ಲಿ ಬೆಲ್ಲಿಯನ್ನು ಕಟ್ಟಿಹಾಕಿದ್ದರು. ಮೂರನೆಯ ಸಲ ಹೋದಾಗ ಕತ್ತು ಓರೆ ಮಾಡಿಕೊಂಡು ನಿಂತಿತ್ತು. ಹತ್ತಿರ ಹೋದರೆ ಕೊಳೆತ ವಾಸನೆ. ಏನೆಂದು ಗೊತ್ತಾಗಲಿಲ್ಲ ಅಂದರೆ ನನ್ನ ಬಾಯಿಗೆ ಹುಳ ಬೀಳಲಿ. ನಾಲ್ಕು ವರ್ಷ ಅಂಥ ವಾಸನೆಯನ್ನೇ ಗಾಡಿಯಲ್ಲಿ ಹೊತ್ತಿದ್ದೇನೆ. ಆದರೆ ಅಕ್ಕ ಆಗಷ್ಟೇ ಮುದ್ದೆ, ಕೋಳಿಸಾರು ಬಡಿಸಿದ್ದಳು. ಭಾವ ಪಕ್ಕದಲ್ಲಿ ಕೂತು, ಇನ್ನೊಂದು ತುಂಡು ಹಾಕು ನಿನ್ನ ತಮ್ಮನಿಗೆ ಎಂದು ಉಪಚರಿಸಿದ್ದರು. ಉಂಡ ಮನೆಯ ಹುಳುಕು ಆಡುವುದು ಹೇಗೆ? ನಾಯಿಯ ಮುಂದೆ ಬಕೆಟ್ ಇಟ್ಟು, ಕೊರಳು ಕಾಣದ ಹಾಗೆ ಫೋಟೊ ತೆಗೆದೆ. ‘ಚೆನ್ನಾಗಿದೆ’ ಎಂದು ಬರೆದು ಪದ್ಮಶ್ರೀಗೆ ಕಳಿಸಿದೆ. ಮುಂದಿನ ತಿಂಗಳೂ ಅದನ್ನೇ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ಎರಡನೆಯ ಬಕೆಟ್ ಫೋಟೊ ನೋಡಿ ಅವಳು ನನ್ನನ್ನು ಏನೂ ಕೇಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ, ಬಸ್ಸು ಹತ್ತಿ ಒಬ್ಬಳೇ ತೋಟಕ್ಕೆ ಹೋದಳು. ಅಲ್ಲಿಂದ ಫೋನ್ ಮಾಡಿ, ಗಾಡಿ ತನ್ನಿ ಅಂದಳು, ಅಷ್ಟೇ.

ಹೋಗಿ ನೋಡಿದರೆ ಕೆಂಪು ಪಟ್ಟಿ ಕಾಣಿಸಲೇ ಇಲ್ಲ. ಮರಿಗೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ನಾಯಿ ಬೆಳೆದಿತ್ತು. ಪಟ್ಟಿ ಮಾಂಸದೊಳಗೆ ಹೂತುಹೋಗಿ ಅಲ್ಲಲ್ಲಿ ಅದರ ಮೇಲೆ ಚರ್ಮ ಕೂಡಿಕೊಳ್ಳುತ್ತಿತ್ತು. ಭಾವ ತಲೆ ತಗ್ಗಿಸಿ ನಿಂತಿದ್ದರು.

“ಮುನೀಂದ್ರ ಅಷ್ಟು ಸಲ ಬಂದು ನೋಡ್ದ ಕಣಮ್ಮಾ. ಅವ್ನಿಗೆ ಇವೆಲ್ಲ ಗೊತ್ತಲ್ಲ, ಏನೂ ಅನ್ಲಿಲ್ಲ. ಸರಿಯಾಗೈತೆ ಅಂದ್ಕಂಡೆ. ಒಂದ್ ಮಾತು ಹೇಳಿದ್ರೆ ಆವತ್ತೇ ಬಿಚ್ತಿದ್ದೆ,” ಎಂದರು ಅವಳಿಗೆ.

ನಾನು ಮಾರು ದೂರದಲ್ಲಿ ನಿಂತಿದ್ದೆ. ಅವರ ಮರ್ಯಾದೆ ಉಳಿಸುತ್ತೇನೆಂದು ಹೋಗಿ ಅವರನ್ನೇ ಒಬ್ಬ ಹೆಣ್ಣುಮಗಳ ಮುಂದೆ ತಲೆ ತಗ್ಗಿಸಿ ನಿಲ್ಲಿಸಿದ್ದೆ. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಡಾಕ್ಟರು ಪಟ್ಟಿಯನ್ನು ತುಂಡುತುಂಡಾಗಿ ಕತ್ತರಿಸಿ ತೆಗೆದರು. ಮೊದಲ ಎರಡು ದಿನ ಅದು ಬದುಕುವ ನಂಬಿಕೆ ಇರಲಿಲ್ಲ. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ದಿನವೂ ಪದ್ಮಶ್ರೀ ಮನೆಗೆ ಹೋಗಿ ಗಂಜಿ ಕುಡಿಸಿದೆ. ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಕೊನೆಗೆ ನಾನೇ, ಬೆಲ್ಲಿಯನ್ನು ನನಗೆ ಕೊಡು ತಾಯಿ, ಸಾಯುವ ತನಕ ನೋಡಿಕೊಳ್ಳುತ್ತೇನೆ ಎಂದು ಕೇಳಿದೆ.

ಭಾನುವಾರ ಫಾರಂ ಹಿಡಿದು ನಮ್ಮ ಮನೆಗೆ ಬಂದಳು. ಅಂಗಳ ನೋಡಿದಳು, ಗೇಟು ಅಲ್ಲಾಡಿಸಿದಳು, ನನ್ನ ಹೆಂಡತಿಯನ್ನು ವಿಚಾರಿಸಿದಳು, ನೀರು ಕೇಳಿ ಕುಡಿದಳು. ನಾನು ಆಧಾರ್ ಪ್ರತಿ ಹಿಡಿದುಕೊಂಡು ನಿಂತಿದ್ದೆ. ಅವಳು ಫಾರಂ ಮಡಚಿ ಚೀಲಕ್ಕೆ ಹಾಕಿದಳು.

“ಮನೆ ಚೆನ್ನಾಗಿದೆ ಮುನೀಂದ್ರಣ್ಣ. ನೀವು ಅನ್ನಾನೂ ಸರಿಯಾಗಿ ಹಾಕ್ತೀರ. ಆದ್ರೆ ನಾಳೆ ನಿಮ್ಮ ಮನೇಗೆ ಬಂದ ನೆಂಟರು ಇದಕ್ಕೆ ಕಲ್ಲು ಹೊಡೆದ್ರೆ ನೀವು ಬೇಡ ಅಂತೀರಾ? ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇನ್ನೊಂದು ಸಲ ಕೊಡಲ್ಲ,” ಎಂದಳು.

ಅಂತೀನಿ ಅನ್ನಬೇಕಿತ್ತು. ಆಧಾರ್ ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ.

ಮುಂದಿನ ವಾರ ಹೊಸಕೋಟೆಯ ಸಿಂಧು ಎಂಬ ಟೀಚರ್ ಮನೆಗೆ ಬೆಲ್ಲಿಯನ್ನು ಒಯ್ಯಲು ಗಾಡಿ ತಂದೆ. ಪದ್ಮಶ್ರೀ ತನ್ನ ಮನೆ ಬಾಗಿಲು ತೆಗೆದದ್ದೇ ತಡ, ಬೆಲ್ಲಿ ಅವಳನ್ನು ಬಿಟ್ಟು ನನ್ನ ಹತ್ತಿರ ಓಡಿಬಂತು. ಬಾಲ ಆಡಿಸುತ್ತಾ, ಕೂದಲು ಬಾರದ ಆ ಕೊರಳನ್ನು ನನ್ನ ಮೊಣಕಾಲಿಗೆ ಉಜ್ಜಿತು. ಮುಟ್ಟಲು ಕೈ ಬರಲಿಲ್ಲ ನನಗೆ.